ಮೂರೂವರೆ ಮತ್ತು ಏಳು ವರ್ಷದ ಮಕ್ಕಳಿಗೆ ಮೊದಲ ಥಿಯೇಟರ್ ಸಿನಿಮಾ: ಸೀಟು, ಸೌಂಡು, ತ್ರೀಡಿ ಹೇಗೆ ನೋಡಿಕೊಳ್ಳುವುದು?

ಬಾಲಂಗೋಚಿ

ಮಕ್ಕಳ ಅನಿಮೇಷನ್ ಸಿನಿಮಾಗೆ ಮನೆಮಂದಿಯೆಲ್ಲ ಹೋಗುವುದೆಂದು ತೀರ್ಮಾನವಾಗಿದೆ. ಮಗನಿಗೆ 7 ವರ್ಷ, ಮಗಳಿಗೆ ಮೂರೂವರೆ. ಇಬ್ಬರಿಗೂ ಇದೇ ಮೊದಲ ಥಿಯೇಟರ್. ಜೊತೆಗೆ ಅಜ್ಜಿ, ಅವರಿಗೆ ಮಂಡಿನೋವು. ಸಿನಿಮಾ 95 ನಿಮಿಷ, ಟೂಡಿ ಮತ್ತು ತ್ರೀಡಿ ಎರಡೂ ಇವೆ. ಟಿಕೆಟ್ ಇನ್ನೂ ಬುಕ್ ಮಾಡಿಲ್ಲ.

ಯಾವ ಹೊತ್ತಿನ ಶೋ, ಯಾವ ಸಾಲು ತೆಗೆದುಕೊಳ್ಳಲಿ? ಚಿಕ್ಕವಳಿಗೆ ಮಿಕ್ಸಿ ಸದ್ದೇ ಆಗುವುದಿಲ್ಲ, ಥಿಯೇಟರ್ ಸೌಂಡಿಗೆ ಏನು ಮಾಡಬಹುದು? ಕತ್ತಲೆ, ಟಾಯ್ಲೆಟ್, ಹೆದರಿಕೆ ಇವಕ್ಕೆಲ್ಲ ಮೊದಲೇ ಮಾಡಿಕೊಳ್ಳಬೇಕಾದ ತಯಾರಿ ಏನಿದೆ? ತಿಳಿದವರು ವಿವರವಾಗಿ ಹೇಳಿ.

ಬೆಳಕುಕಿಂಡಿ

ಪ್ರೊಜೆಕ್ಷನ್ ಕೆಲಸದ ಕಡೆಯಿಂದ ಹೇಳುತ್ತೇನೆ. ಮೊದಲು ಸಾಲು.

ಪರದೆಯ ಅಗಲ ಎಷ್ಟೋ ಅದರ ಒಂದೂವರೆಯಷ್ಟು ದೂರದಲ್ಲಿ ಕೂತರೆ ಚಿತ್ರ ಕಣ್ಣಿಗೆ ಸುಮಾರು 36 ಡಿಗ್ರಿ ಕೋನದಲ್ಲಿ ಕಾಣುತ್ತದೆ. 12 ಮೀಟರ್ ಅಗಲದ ಪರದೆಗೆ ಇದು ಹದಿನೆಂಟು ಮೀಟರ್. ಪರದೆಯ ಅಗಲದಷ್ಟೇ ದೂರಕ್ಕೆ ಬಂದರೆ ಕೋನ 50 ಡಿಗ್ರಿ ದಾಟುತ್ತದೆ. ದೊಡ್ಡವರಿಗೆ ಅದು ಮಜವೇ, ಮೊದಲ ಸಲ ಬಂದ ಮಗುವಿಗೆ ಮಾತ್ರ ಪರದೆ ಮೈಮೇಲೆ ಬಿದ್ದಂತೆ. ಚಿತ್ರದ ಅಂಚು ಕಣ್ಣಿಗೆ ಸಿಗದೆ, ಕ್ಯಾಮೆರಾ ವೇಗವಾಗಿ ಓಡುವ ದೃಶ್ಯಗಳಲ್ಲಿ ತಲೆ ತಿರುಗುವುದೂ ಉಂಟು. ಹಾಗಾಗಿ ಹಾಲ್‌ನ ಹಿಂದಿನ ಮೂರನೇ ಒಂದು ಭಾಗದಲ್ಲಿ ತೆಗೆದುಕೊಳ್ಳಿ, ಆದರೆ ಕಟ್ಟಕಡೆಯ ಸಾಲು ಬೇಡ. ಸರೌಂಡ್ ಸ್ಪೀಕರ್‌ಗಳು ಹಿಂದಿನ ಗೋಡೆಯಲ್ಲೂ ಪಕ್ಕದ ಗೋಡೆಗಳಲ್ಲೂ ಇರುತ್ತವೆ. ಕಡೆಯ ಸಾಲಿನಲ್ಲಿ ಕೂತರೆ ಒಂದು ಸ್ಪೀಕರ್ ಸರಿಯಾಗಿ ಮಗುವಿನ ತಲೆಯ ಹಿಂದೆಯೇ ಬಂದುಬಿಡುತ್ತದೆ. ಗೋಡೆಗೆ ತಾಗಿದ ಸೀಟಿನದೂ ಇದೇ ಕತೆ. ನಡುವಿನ ಬ್ಲಾಕ್‌ನಲ್ಲಿ, ಓಡಾಡುವ ದಾರಿಗೆ ತಾಗಿದ ತುದಿ ಸೀಟಿನಿಂದ ಶುರು ಮಾಡಿ ನಿಮ್ಮವರನ್ನು ಸಾಲಾಗಿ ಕೂರಿಸಿ: ತುದಿಯಲ್ಲಿ ನೀವು, ಪಕ್ಕ ಚಿಕ್ಕವಳು.

ಅಜ್ಜಿಗಾಗಿ ಒಂದು ಮಾತು. ಮೆಟ್ಟಿಲು ಹಾಲ್‌ಗಳಲ್ಲಿ ಬಾಗಿಲು ಯಾವ ಸಾಲಿನ ಮಟ್ಟಕ್ಕೆ ತೆರೆದುಕೊಳ್ಳುತ್ತದೆ ಎಂದು ಕೌಂಟರ್‌ನಲ್ಲಿ ಕೇಳಿ. ಕೆಲವಲ್ಲಿ ಕೆಳಗೆ, ಕೆಲವಲ್ಲಿ ನಡುವೆ, ಕೆಲವಲ್ಲಿ ಮೇಲೆ. ಬುಕಿಂಗ್ ನಕ್ಷೆಯಲ್ಲಿ ಇದು ಗೊತ್ತಾಗುವುದೇ ಇಲ್ಲ.

ಶೋ: ದಿನದ ಮೊದಲನೆಯದು, ಸಾಧ್ಯವಾದರೆ ವಾರದ ನಡುವೆ. ಹಾಲ್ ಖಾಲಿಯಿದ್ದರೆ ಮಗು ಎದ್ದು ನಿಂತರೂ ಯಾರಿಗೂ ತೊಂದರೆಯಿಲ್ಲ. ಮಧ್ಯಾಹ್ನ ಮಲಗುವ ಅಭ್ಯಾಸವಿದ್ದರೆ ಆ ಹೊತ್ತಿನ ಶೋ ಬೇಡವೇ ಬೇಡ. ಭಾಷೆಯನ್ನೂ ನೋಡಿಕೊಳ್ಳಿ. ಡಬ್ಬಿಂಗ್ ಇದೆಯೋ ಬರೀ ಸಬ್‌ಟೈಟಲ್ ಇದೆಯೋ ಎಂಬುದು ಓದಲು ಬಾರದ ಮಗುವಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ.

ಇನ್ನೊಂದು ಕಿವಿಮಾತು: ಜಾಹೀರಾತು, ಟ್ರೈಲರ್‌ಗಳು 15-20 ನಿಮಿಷ ತಿನ್ನುತ್ತವೆ. ಚಿಕ್ಕಮಕ್ಕಳ ತಾಳ್ಮೆ ಅಲ್ಲೇ ಮುಗಿದುಹೋಗುತ್ತದೆ. ಬೇಕೆಂದೇ 15 ನಿಮಿಷ ತಡವಾಗಿ ಒಳಗೆ ಹೋಗಿ.

ಶ್ರವಣ

ಸೌಂಡಿನ ವಿಷಯಕ್ಕೆ ಬರುತ್ತೇನೆ, ನಿಮ್ಮ ಮಗಳ ಮಟ್ಟಿಗೆ ಮುಖ್ಯವಾದದ್ದು ಇದೇ.

ಸಿನಿಮಾ ಸೌಂಡನ್ನು ಒಂದು ನಿಗದಿತ ಮಟ್ಟಕ್ಕೆ ಹೊಂದಿಸಿ ಮಿಕ್ಸ್ ಮಾಡಿರುತ್ತಾರೆ. ಪರದೆ ಹಿಂದಿನ ಒಂದೊಂದು ಚಾನೆಲ್‌ಗೂ (ಎಡ, ನಡು, ಬಲದ ಸ್ಪೀಕರ್‌ಗಳಿಗೆ ಬೇರೆಬೇರೆಯಾಗಿ ಹೋಗುವ ಸದ್ದು) 85 ಡೆಸಿಬೆಲ್ ಆಧಾರಮಟ್ಟ, ಅದರ ಮೇಲೆ ಇನ್ನೂ 20 ಡೆಸಿಬೆಲ್ ಏರಲು ಜಾಗ. ಅಂದರೆ ಒಂದು ಚಾನೆಲ್ಲೇ ಕ್ಷಣಮಾತ್ರಕ್ಕೆ 105 ಮುಟ್ಟಬಲ್ಲದು, ಗುಡುಗಿನಂಥ ತಗ್ಗು ಸದ್ದಿನ ಸ್ಪೀಕರ್ ಆದ ಸಬ್‌ವೂಫರ್ ಅದಕ್ಕೂ 10 ಹೆಚ್ಚು. ಇಡೀ ಸಿನಿಮಾ ಹೀಗಿರುತ್ತದೆ ಎಂದಲ್ಲ. ಮಾತಿನ ದೃಶ್ಯಗಳು ಇದಕ್ಕಿಂತ ಎಷ್ಟೋ ಕೆಳಗಿರುತ್ತವೆ. ಮಗುವನ್ನು ಬೆಚ್ಚಿಬೀಳಿಸುವುದು ಸರಾಸರಿ ಮಟ್ಟವಲ್ಲ, ಮೆತ್ತಗಿದ್ದದ್ದು ಇದ್ದಕ್ಕಿದ್ದಂತೆ ಜೋರಾಗುವ ಆ ಜಿಗಿತ.

ಕಿವಿಗೆ ಹಾನಿ ಆಗುವುದು ಮಟ್ಟ ಮತ್ತು ಹೊತ್ತು ಎರಡೂ ಸೇರಿ. ಕಾರ್ಖಾನೆ ಕೆಲಸಗಾರರಿಗೆಂದು ಮಾಡಿದ ಲೆಕ್ಕದಲ್ಲಿ 85 ಡೆಸಿಬೆಲ್‌ಗೆ 8 ಗಂಟೆ, ಆಮೇಲೆ ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ. ಇದು ದೊಡ್ಡವರ ಲೆಕ್ಕ. ಮಕ್ಕಳಿಗೆ ಇದಕ್ಕಿಂತ ಬಿಗಿಯಾಗಿಯೇ ಇರಿ.

ಉಪಾಯ ಸರಳ. ಮಕ್ಕಳ ಅಳತೆಯ ಇಯರ್‌ಮಫ್, ಅಂದರೆ ಕಿವಿಯನ್ನು ಪೂರ್ತಿ ಸುತ್ತುವರಿಯುವ ಬಟ್ಟಲಿನಂಥದ್ದು. ಡಬ್ಬಿಯ ಮೇಲೆ 20ರಿಂದ 25 ಡೆಸಿಬೆಲ್ ಎಂದಿದ್ದರೆ ಸಾಕು. ಕೂರಿಸುವಾಗ ಕೂದಲು ಸರಿಸಿ, ಟೋಪಿ ತೆಗೆದು, ಮೆತ್ತೆ ಸುತ್ತಲೂ ಚರ್ಮಕ್ಕೆ ತಾಗಿದೆಯೇ ನೋಡಿ. ಸಣ್ಣ ಸಂದು ಉಳಿದರೂ ಡಬ್ಬಿಯ ಮೇಲಿನ ಅಂಕಿ ಅರ್ಧಕ್ಕೆ ಇಳಿಯಬಹುದು. ಫೋಮ್ ಇಯರ್‌ಪ್ಲಗ್ ಈ ವಯಸ್ಸಿಗೆ ಬೇಡ. ಕಿವಿಯ ನಾಳ ಕಿರಿದು, ಸರಿಯಾಗಿ ಕೂರುವುದಿಲ್ಲ, ಕಿತ್ತು ಬಾಯಿಗಿಟ್ಟರೆ ಉಸಿರುಕಟ್ಟುವ ಅಪಾಯ ಬೇರೆ. ಹತ್ತಿ ತುರುಕುವುದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ.

ಮುಖ್ಯವಾಗಿ, ಇಯರ್‌ಮಫ್ ಅನ್ನು ಅಂದೇ ಮೊದಲು ತೊಡಿಸಬೇಡಿ. ಒಂದು ವಾರ ಮೊದಲೇ ಕೊಟ್ಟು, ಮನೆಯಲ್ಲಿ ಮಿಕ್ಸಿ ಹಾಕುವಾಗ ಅವಳೇ ಹಾಕಿಕೊಳ್ಳಲಿ. ಸದ್ದನ್ನು ತಡೆಯುವುದು ತನ್ನ ಕೈಯಲ್ಲಿದೆ ಎಂದು ಗೊತ್ತಾದ ಮಗುವಿನ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಫೋನಿನ ಡೆಸಿಬೆಲ್ ಆ್ಯಪ್‌ಗಳನ್ನು ಅಂದಾಜಿಗಷ್ಟೇ ಬಳಸಿ. ಫೋನಿನ ಮೈಕು ಮಾತಿಗೆ ಮಾಡಿದ್ದು, ಜೋರು ಸದ್ದಿನಲ್ಲಿ ಅದರ ಓದು ನಂಬುವಂತಿರುವುದಿಲ್ಲ.

ಬೆಳಕುಕಿಂಡಿ

ಶ್ರವಣ ಅವರು ಹೇಳಿದ್ದಕ್ಕೆ ಒಂದು ಸೇರಿಕೆ. ಸೌಂಡ್ ಕಡಿಮೆ ಮಾಡಿ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಅನೇಕ ಹಾಲ್‌ಗಳಲ್ಲಿರುವ ಡಾಲ್ಬಿ ಪ್ರೊಸೆಸರ್‌ನ ಫೇಡರ್‌ನಲ್ಲಿ, ಅಂದರೆ ಸದ್ದು ಏರಿಸಿ ಇಳಿಸುವ ನಿಯಂತ್ರಣದಲ್ಲಿ, 7 ಎಂಬುದು ಆ ನಿಗದಿತ ಮಟ್ಟ. ಅದಕ್ಕಿಂತ ಒಂದು ಅಂಕಿ ಇಳಿಸಿದರೆ ಸುಮಾರು 3.3 ಡೆಸಿಬೆಲ್ ಇಳಿಯುತ್ತದೆ, 5.5ಕ್ಕೆ ತಂದರೆ 5 ಡೆಸಿಬೆಲ್. ಮಕ್ಕಳ ಶೋಗಳನ್ನು ಹೀಗೆ ಇಳಿಸಿಯೇ ಓಡಿಸುವವರಿದ್ದಾರೆ. ‘ಫೇಡರ್ ಸ್ವಲ್ಪ ಇಳಿಸುತ್ತೀರಾ’ ಎಂದು ಶೋ ಶುರುವಾಗುವ ಮೊದಲೇ ಸಿಬ್ಬಂದಿಗೆ ಹೇಳಿ. ನಡುವೆ ಹೇಳಿದರೆ ಸಂಬಂಧಪಟ್ಟವರನ್ನು ಹುಡುಕುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ.

ಗುಬ್ಬಿಗೂಡು

ಬೆಳಕುಕಿಂಡಿ ಅವರ ಸಾಲಿನ ಲೆಕ್ಕ ಸರಿ, ತಡವಾಗಿ ಹೋಗಿ ಎಂದಿದ್ದನ್ನು ಮಾತ್ರ ಒಪ್ಪಲಾರೆ. ಹೊರಗಿನ ಬೆಳಕಿನಿಂದ ನೇರವಾಗಿ ಕತ್ತಲೆ ಹಾಲ್‌ಗೆ ಹೋದರೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಬೇಕು. ಮಗುವಿಗೆ ಕಾಣುವುದು ಕಪ್ಪು ಗುಹೆ, ಗುರುತಿಲ್ಲದ ಮೆಟ್ಟಿಲು, ಎದುರಿಗೆ ಅಬ್ಬರಿಸುವ ಪರದೆ. ಅಳು ಶುರುವಾಗುವುದೇ ಬಾಗಿಲಲ್ಲಿ.

ಹೀಗೆ ಮಾಡಿ. ಶೋಗೆ 10-15 ನಿಮಿಷ ಮೊದಲು, ದೀಪ ಉರಿಯುತ್ತಿರುವಾಗಲೇ ಒಳಗೆ ಹೋಗಿ. ಸೀಟು ತೋರಿಸಿ, ಪರದೆ ತೋರಿಸಿ, ಹಸಿರು ‘ಎಕ್ಸಿಟ್’ ದೀಪ ಎಲ್ಲಿದೆ ಎಂದು ಅವಳಿಂದಲೇ ಹುಡುಕಿಸಿ. ‘ಈಗ ದೀಪ ಮೆಲ್ಲಗೆ ಆರುತ್ತೆ’ ಎಂದು ಮೊದಲೇ ಹೇಳಿ. ಜಾಹೀರಾತು ಶುರುವಾದೊಡನೆ ಒಬ್ಬರು ಅವಳನ್ನು ಟಾಯ್ಲೆಟ್‌ಗೆ ಕರೆದುಕೊಂಡು ಹೋಗಿ, ಸಿನಿಮಾ ಶುರುವಾಗುವ ಹೊತ್ತಿಗೆ ವಾಪಸ್ ಬನ್ನಿ. ಆಗ ಕತ್ತಲೆಗೆ ಬಂದರೂ ಅದು ಗುರುತಿನ ಜಾಗ, ಅಜ್ಜಿಯೂ ಅಣ್ಣನೂ ಕೂತಿರುವ ಜಾಗ.

ಟಾಯ್ಲೆಟ್ ಎಂದಾಗ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮಕ್ಕಳ ಮೂತ್ರಕೋಶ ಹಿಡಿಯುವ ಪ್ರಮಾಣಕ್ಕೆ ವೈದ್ಯರು ಬಳಸುವ ಅಂದಾಜು: ವಯಸ್ಸಿಗೆ 2 ಸೇರಿಸಿ 30ರಿಂದ ಗುಣಿಸಿದರೆ ಮಿಲಿಲೀಟರ್. ಮೂರೂವರೆಗೆ 165, ಏಳಕ್ಕೆ 270. ದೊಡ್ಡ ಲೋಟದ ತಂಪುಪಾನೀಯ ಚಿಕ್ಕವಳ ಕೈಗೆ ಕೊಟ್ಟರೆ ಏನಾಗುತ್ತದೆ ಎಂದು ನೀವೇ ನೋಡಿ. ಒಳಗೆ ಹೋದಮೇಲೆ ಸಣ್ಣ ಬಾಟಲಿಯಿಂದ ಗುಟುಕು ನೀರು ಸಾಕು. ಮಧ್ಯಂತರ ಇದ್ದರೆ ಆಗ, ಇಲ್ಲದಿದ್ದರೆ 45-50ನೇ ನಿಮಿಷದ ಸುಮಾರಿಗೆ, ಅವಳು ಕೇಳಲಿ ಬಿಡಲಿ, ಒಮ್ಮೆ ಕರೆದೊಯ್ಯಿರಿ. ಕಡೆಯ 20-25 ನಿಮಿಷದಲ್ಲಿ ಕತೆ ಏರುತ್ತದೆ, ಆಗ ಏಳಲು ಇಬ್ಬರಿಗೂ ಮನಸ್ಸಿರುವುದಿಲ್ಲ.

ಅಲ್ಲಿ ಕೈ ಒಣಗಿಸುವ ಯಂತ್ರದಿಂದ ಅವಳನ್ನು ದೂರವಿಡಿ. 2019ರಲ್ಲಿ ಕೆನಡಾದ ಶಾಲಾ ಹುಡುಗಿಯೊಬ್ಬಳು ಇಂಥ 44 ಯಂತ್ರಗಳ ಸದ್ದನ್ನು ಮಕ್ಕಳ ಕಿವಿಯ ಎತ್ತರದಲ್ಲೂ ಅಳೆದು, ಕೆಲವು 100 ಡೆಸಿಬೆಲ್ ಮೀರುವುದನ್ನು ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾಳೆ. ದೊಡ್ಡವರ ಸೊಂಟದ ಮಟ್ಟದಲ್ಲಿ ಗಾಳಿ ಬರುವ ಜಾಗ ಮಗುವಿನ ಕಿವಿಯ ಮಟ್ಟ. ಕರವಸ್ತ್ರ ಒಯ್ದರೆ ಆಯಿತು.

ಹೆದರಿಕೆ ಇಬ್ಬರಿಗೂ ಒಂದೇ ಥರ ಇರುವುದಿಲ್ಲ. ಮೂರು-ನಾಲ್ಕರ ಮಕ್ಕಳು ಹೆದರುವುದು ರೂಪಕ್ಕೆ: ವಿಕಾರ ಮುಖ, ಒಳ್ಳೆಯವರು ಕಣ್ಣೆದುರೇ ಬೇರೆ ಆಕಾರ ತಾಳುವುದು, ಧುತ್ತೆಂದು ಎದುರಾಗುವ ಪ್ರಾಣಿ. ಏಳರವನಿಗೆ ರೂಪಕ್ಕಿಂತ ಕತೆಯೇ ತಾಗುತ್ತದೆ, ಅಮ್ಮ ಕಳೆದುಹೋಗುವುದು, ಸಾವು, ಗೆಳೆಯ ಮೋಸ ಮಾಡುವುದು. ‘ಇದೆಲ್ಲ ನಿಜ ಅಲ್ಲ ಕಂದ, ಬರೀ ಚಿತ್ರ’ ಎಂಬ ಸಮಾಧಾನ ಅವನಿಗೆ ನಾಟುತ್ತದೆ, ಅವಳಿಗೆ ನಾಟುವುದಿಲ್ಲ. ಅವಳಿಗೆ ಬೇಕಾದದ್ದು ಮಡಿಲು, ಕೈಯಲ್ಲಿ ಹಿಡಿಯಲು ಮನೆಯ ಗೊಂಬೆ, ನಿಮ್ಮ ಎದೆಗೆ ಮುಖ ಒತ್ತಿಕೊಳ್ಳುವ ಅವಕಾಶ. ಆಗ ಕಿವಿಯನ್ನೂ ಮುಚ್ಚಿ. ಕಣ್ಣು ಮುಚ್ಚಿದರೂ ಆ ಸಂಗೀತ ಭಯವನ್ನು ಹೇಳುತ್ತಲೇ ಇರುತ್ತದೆ.

ಟ್ರೈಲರ್ ಅನ್ನು ಮನೆಯಲ್ಲೇ ಎರಡು ಮೂರು ಸಲ ತೋರಿಸಿ. ಪಾತ್ರಗಳ ಮುಖ ಗೊತ್ತಿದ್ದರೆ ದೊಡ್ಡ ಪರದೆಯಲ್ಲಿ ಕಂಡಾಗ ಗುರುತಿನವರನ್ನು ಕಂಡಂತಾಗುತ್ತದೆ.

ಬಾಲಂಗೋಚಿ

ತುಂಬಾ ಉಪಕಾರವಾಯಿತು. ಇಯರ್‌ಮಫ್ ಇವತ್ತೇ ತರಿಸುತ್ತೇನೆ. ಇನ್ನೆರಡು ಸಂದೇಹ. ಮಗ ತ್ರೀಡಿಯೇ ಬೇಕೆಂದು ಹಟ ಹಿಡಿದಿದ್ದಾನೆ. ಇನ್ನು ಮಗಳ ತೂಕ 13 ಕಿಲೋ, ಮಡಚುವ ಸೀಟು ಅವಳೊಂದಿಗೇ ಮೇಲೆದ್ದುಬಿಡುತ್ತದೆ ಎಂದು ಯಾರೋ ಹೇಳಿದರು, ನಿಜವೇ?

ಬೆಳಕುಕಿಂಡಿ

ತಡವಾಗಿ ಹೋಗುವುದರ ಬಗ್ಗೆ ಗುಬ್ಬಿಗೂಡು ಹೇಳಿದ್ದೇ ಸರಿ, ನನ್ನ ಮಾತು ಹಿಂತೆಗೆದುಕೊಂಡೆ.

ಸೀಟು: ನಿಜ. ಸೀಟಿನ ಕೀಲು ಹಿಂಬದಿಯಲ್ಲಿರುತ್ತದೆ, ಸ್ಪ್ರಿಂಗ್ ಅಥವಾ ತೂಕದ ಬಲದಿಂದ ತಾನೇ ಮೇಲೇಳುತ್ತದೆ. ಮಗು ಬೆನ್ನು ಒರಗಿಸಲು ಪೂರ್ತಿ ಹಿಂದಕ್ಕೆ ಜರುಗಿದಷ್ಟೂ ಅದರ ತೂಕ ಕೀಲಿನ ಹತ್ತಿರಕ್ಕೆ ಹೋಗಿ, ಮುಂದಿನ ತುದಿಯನ್ನು ಒತ್ತಿಹಿಡಿಯುವ ಬಲ ಉಳಿಯುವುದಿಲ್ಲ. ಮೊಣಕಾಲು ಎದೆಗೆ ಬಂದು ಸಿಕ್ಕಿಕೊಳ್ಳುತ್ತದೆ. ಅವಳ ಬೆನ್ನ ಹಿಂದೆ ದಪ್ಪನೆಯ ಸ್ವೆಟರ್ ಮಡಚಿಟ್ಟು ಒಂದಿಷ್ಟು ಮುಂದೆ ಕೂರಿಸಿ. ಏಸಿಯ ಚಳಿಗೆ ಹೇಗೂ ಒಂದು ಬೇಕು. ಥಿಯೇಟರ್‌ನವರು ಬೂಸ್ಟರ್ (ಮಗುವನ್ನು ಎತ್ತರಿಸಿ ಕೂರಿಸುವ ಮೆತ್ತೆ) ಕೊಟ್ಟರೆ ಅದನ್ನೂ ಮುಂದಿನ ಅಂಚಿಗೆ ಹತ್ತಿರ ಇಡಿ. ಅವಳು ಏಳುವಾಗ ಸೀಟನ್ನು ನೀವು ಕೈಯಲ್ಲಿ ಒತ್ತಿ ಹಿಡಿಯಿರಿ, ಬೆರಳು ಸಿಗುವುದು ಆ ಕ್ಷಣದಲ್ಲೇ. ರಿಕ್ಲೈನರ್ ಇದ್ದರೆ ಬಟನ್ ಮಕ್ಕಳ ಕೈಗೆ ಬೇಡ. ಕಾಲಿನ ಹಲಗೆ ಇಳಿಸುವ ಮೊದಲು ಅದರ ಕೆಳಗೆ ಕೈ, ಕಾಲು, ಗೊಂಬೆ ಏನೂ ಇಲ್ಲವೆಂದು ಫೋನಿನ ಬೆಳಕಿನಲ್ಲಿ ನೋಡಿ.

ತ್ರೀಡಿ: ಈ ಸಲ ಟೂಡಿಗೇ ಹೋಗಿ. ಕಾರಣ ಮೂರು. ಟೂಡಿಯಲ್ಲಿ ಪರದೆಯ ಬೆಳಕು 14 ಫುಟ್‌ಲ್ಯಾಂಬರ್ಟ್ (ಪರದೆಯ ಹೊಳಪು ಅಳೆಯುವ ಮಾನ) ಇರಬೇಕೆಂಬುದು ಪ್ರಮಾಣ. ತ್ರೀಡಿಯಲ್ಲಿ ಫಿಲ್ಟರು, ಕನ್ನಡಕ ಎಲ್ಲ ದಾಟಿ ಕಣ್ಣಿಗೆ ಬರುವುದು ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗ, ಕೆಲವೆಡೆ ಅದಕ್ಕೂ ಕಡಿಮೆ. ಕತ್ತಲೆಗೆ ಹೆದರುವ ಮಗುವಿಗೆ ಇನ್ನಷ್ಟು ಕತ್ತಲೆ. ಎರಡನೆಯದು, ದೊಡ್ಡವರ ಅಳತೆಯ ಕನ್ನಡಕ ಮಕ್ಕಳ ಮೂಗಿನಿಂದ ಜಾರುತ್ತದೆ. ಜಾರಿದೊಡನೆ ಚಿತ್ರ ಎರಡೆರಡಾಗಿ ಕಾಣುತ್ತದೆ. ಮೂರನೆಯದು, ಮಕ್ಕಳ ಎರಡು ಕಣ್ಣುಗಳ ನಡುವಿನ ಅಂತರ ದೊಡ್ಡವರದಕ್ಕಿಂತ ಕಡಿಮೆ, ಅದರಿಂದ ಅದೇ ಚಿತ್ರದಲ್ಲಿ ಅವರ ಕಣ್ಣಿಗೆ ಹೆಚ್ಚು ಶ್ರಮ ಬೀಳಬಹುದು. ಮಗನಿಗೆ ಮುಂದೊಮ್ಮೆ ತೋರಿಸುವಾಗ ಮಕ್ಕಳ ಅಳತೆಯ ಕನ್ನಡಕ ಕೇಳಿ. ತಲೆನೋವು, ತಲೆಸುತ್ತು ಬಂದರೆ, ಅಥವಾ ಎಲ್ಲರೂ ‘ಅಬ್ಬಾ’ ಎಂದಾಗ ಅವನಿಗೆ ಮಾತ್ರ ಆಳವೇ ಕಾಣದಿದ್ದರೆ, ಕಣ್ಣಿನ ವೈದ್ಯರಿಗೆ ತೋರಿಸಿ. ಎರಡು ಕಣ್ಣು ಒಟ್ಟಿಗೆ ಕೆಲಸ ಮಾಡುತ್ತಿಲ್ಲ ಎಂಬುದರ ಸುಳಿವು ಅದಾಗಿರಬಹುದು.

ಶ್ರವಣ

ತ್ರೀಡಿಗೆ ಇನ್ನೊಂದು ಅಡ್ಡಿ: ಕನ್ನಡಕದ ಕಡ್ಡಿ ಇಯರ್‌ಮಫ್‌ನ ಮೆತ್ತೆಯ ಅಡಿಯಲ್ಲಿ ಹಾಯ್ದು ಸಂದು ಬಿಡಿಸುತ್ತದೆ. ಎರಡೂ ಒಟ್ಟಿಗೆ ಸರಿಯಾಗಿ ಕೂರುವುದಿಲ್ಲ.

ಗುಬ್ಬಿಗೂಡು

ತಿಂಡಿಯ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಲೇಬೇಕು. 4 ವರ್ಷದೊಳಗಿನ ಮಕ್ಕಳಿಗೆ ಪಾಪ್‌ಕಾರ್ನ್ ಕೊಡಬಾರದು. ಅರಳದ ಕಾಳು, ಸಿಪ್ಪೆ ಶ್ವಾಸನಾಳಕ್ಕೆ ಹೋಗುತ್ತದೆ. ಕತ್ತಲೆಯಲ್ಲಿ, ನಗುತ್ತಾ, ಒರಗಿಕೊಂಡು ತಿನ್ನುವಾಗ ಈ ಅಪಾಯ ಇನ್ನೂ ಹೆಚ್ಚು, ಕೆಮ್ಮಿದರೂ ಆ ಸದ್ದಿನಲ್ಲಿ ನಿಮಗೆ ಕೇಳುವುದಿಲ್ಲ. ಇಡಿಯ ಕಡಲೆಬೀಜ, ಗಟ್ಟಿ ಪೆಪ್ಪರ್‌ಮಿಂಟೂ ಬೇಡ. ಅಣ್ಣನ ಪೊಟ್ಟಣ ಅವಳ ಕೈಗೆ ಎಟುಕದ ಕಡೆ ಇರಲಿ, ಅಂದರೆ ಅವರಿಬ್ಬರ ನಡುವೆ ಅಜ್ಜಿ ಕೂರಲಿ.

ಅವಳು ಎದ್ದು ಹೋಗೋಣ ಎಂದರೆ ಒಂದು ಸಲ ಲಾಬಿಗೆ ಬನ್ನಿ, ನೀರು ಕುಡಿಸಿ, ಐದು ನಿಮಿಷ ನಿಲ್ಲಿ, ಒಳಗೆ ಹೋಗೋಣವೇ ಎಂದು ಕೇಳಿ. ಎರಡನೇ ಸಲವೂ ಬೇಡ ಎಂದರೆ ಒತ್ತಾಯಿಸಬೇಡಿ. ಮಗನೂ ಅಜ್ಜಿಯೂ ಪೂರ್ತಿ ನೋಡಲಿ, ಅವಳ ಜೊತೆ ಹೊರಗೆ ಯಾರು ಇರುತ್ತೀರಿ ಎಂಬುದನ್ನು ಮನೆ ಬಿಡುವ ಮೊದಲೇ ಮಾತಾಡಿಕೊಂಡಿರಿ. ಟಿಕೆಟ್‌ಗಳನ್ನು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ, ಇಲ್ಲವಾದರೆ ಹೊರಗೆ ಬಂದವರು ಮತ್ತೆ ಒಳಗೆ ಹೋಗಲು ಬಾಗಿಲಲ್ಲೇ ಕಾಯಬೇಕಾಗುತ್ತದೆ.