ಸಹಾಯ ಬೇಕು: ಕಾಲೇಜಿನ ಮಹಿಳಾ ಕೇಂದ್ರಕ್ಕೆ ವಿದ್ಯಾರ್ಥಿಗಳು

ನಮಸ್ಕಾರ. ಬೆಂಗಳೂರಿನ ನಮ್ಮ ಕಾಲೇಜಿನ ಮಹಿಳಾ ಕೇಂದ್ರಕ್ಕೆ ಈ ಸೆಮಿಸ್ಟರ್‌ಗೆ ಹನ್ನೆರಡು ವಿದ್ಯಾರ್ಥಿಗಳು ಬೇಕು. ಹುಡುಗರೂ ಬನ್ನಿ. ವಾರಕ್ಕೆ ಎರಡು ಗಂಟೆ ಕೊಟ್ಟರೆ ಸಾಕು, ಆದರೆ ತಪ್ಪಿಸಬಾರದು.

ತುರ್ತಾಗಿ ಬೇಕಿರುವುದು ಸಹಾಯ ಮೇಜಿಗೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಇಬ್ಬಿಬ್ಬರು ಕೂರಬೇಕು. ಯಾರಾದರೂ ಲೈಂಗಿಕ ಕಿರುಕುಳದ ವಿಷಯ ಹೇಳಲು ಬಂದರೆ "ಏನಾಯ್ತು, ಯಾರು" ಎಂದು ಕೆದಕಬೇಡಿ. ಒಂದೇ ಘಟನೆಯನ್ನು ಹತ್ತು ಜನರಿಗೆ ಹೇಳಿ ಸುಸ್ತಾದವರು ದೂರನ್ನೇ ಕೈಬಿಡುತ್ತಾರೆ. ನೀರು ಕೊಡಿ, ಕೂರಿಸಿ, ಒಪ್ಪಿದರೆ ಮಾತ್ರ ಆಂತರಿಕ ದೂರು ಸಮಿತಿಯ ಸದಸ್ಯರ ಬಳಿ ಕರೆದೊಯ್ಯಿರಿ. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು ಎಂಬುದನ್ನು ಮರೆಯದೆ ತಿಳಿಸಿ. ಹೆಸರನ್ನು ರಿಜಿಸ್ಟರಿನಲ್ಲಾಗಲಿ ವಾಟ್ಸ್ಆ್ಯಪ್‌ನಲ್ಲಾಗಲಿ ಬರೆಯಲೇಬಾರದು. ಗುಟ್ಟು ಕಾಯುವುದು ಕಾನೂನಿನ ಮಾತು, ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲೇ ಇದೆ.

ಇನ್ನೊಂದು ಕೆಲಸ ಪ್ಯಾಡ್ ಡಬ್ಬಿಗಳದು. ಸೋಮವಾರ, ಗುರುವಾರ ಪ್ರತಿ ಮಹಡಿಯಲ್ಲಿ 20 ತುಂಬಿಸಿ, ಉಳಿದದ್ದನ್ನು ಎಣಿಸಿಡಿ. ಡಬ್ಬಿ ವಾಶ್‌ಬೇಸಿನ್ ಪಕ್ಕದಲ್ಲಿದ್ದರೆ ತೇವಕ್ಕೆ ಅಂಟು ಹಾಳಾಗುತ್ತದೆ, ಬಾಗಿಲ ಹತ್ತಿರ ಒಣ ಜಾಗದಲ್ಲಿಡಿ. ಬಳಸಿದ ಪ್ಯಾಡನ್ನು ಸುತ್ತಿಡಲು ಹಳೇ ನ್ಯೂಸ್‌ಪೇಪರ್, ಅದರ ಮೇಲೆ ಗುರುತು ಹಾಕಲು ಕೆಂಪು ಸ್ಕೆಚ್ ಪೆನ್ ಜೊತೆಗಿರಲಿ. ಪೌರಕಾರ್ಮಿಕರು ಬರಿಗೈಯಲ್ಲಿ ವಿಂಗಡಿಸುವಂತಾಗಬಾರದು.

ಅಂದವಾದ ಕನ್ನಡ ಅಕ್ಷರ ಬರೆಯುವವರೂ ಬೇಕು. ಭಿತ್ತಿಪತ್ರದಲ್ಲಿ ಮಹಿಳಾ ಸಹಾಯವಾಣಿ 181, ತುರ್ತು ಕರೆಯ 112 ದೂರದಿಂದಲೇ ಕಾಣಬೇಕು, ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಬೇಕು. ನೋಟಿಸ್ ಬೋರ್ಡಿನ ಎದುರು ನಿಂತು ನಂಬರ್ ಬರೆದುಕೊಳ್ಳಲು ಹೆದರುವವರೇ ಹೆಚ್ಚು.

ಬರುವವರು ನಿಮ್ಮ ವಿಭಾಗ, ಬಿಡುವಿನ ಪೀರಿಯಡ್, ಯಾವ ಕೆಲಸ ಎಂದು ಇಲ್ಲೇ ಕೆಳಗೆ ಬರೆಯಿರಿ. ಮೇಜಿಗೆ ಕೂರುವವರಿಗೆ ಮೊದಲು ಅರ್ಧ ದಿನದ ತರಬೇತಿ ಇರುತ್ತದೆ.