ಫೋನಿನಲ್ಲಿ ಸುಲಭ ಮುಖ್ಯವೋ, ಸೌಲಭ್ಯ ಮುಖ್ಯವೋ?

ಪೆರ್ಲದ ಕೃಷಿಕ:
ಅಮ್ಮನಿಗೆ ಹೊಸ ಫೋನ್ ತಂದೆ. ಕ್ಯಾಮೆರಾ, ಮೆಮೊರಿ ಎಲ್ಲ ಹಳೆಯದಕ್ಕಿಂತ ಜಾಸ್ತಿ. ಆದರೆ ಹಿಂದೆ ಬರಲು, ಹೋಮ್‌ಗೆ ಹೋಗಲು ಪರದೆಯ ಕೆಳಗೆ ಇರುತ್ತಿದ್ದ ಮೂರು ಬಟನ್ ಇಲ್ಲ. ವಾಟ್ಸ್‌ಆ್ಯಪ್ ಒಳಗೆ ಹೋದರೆ ಹೊರಗೆ ಬರುವ ದಾರಿಯೇ ಅವರಿಗೆ ಗೊತ್ತಾಗುವುದಿಲ್ಲ. ಬಳಸಲು ಬಾರದ ಸೌಲಭ್ಯ ಸೌಲಭ್ಯವೇ ಅಲ್ಲ. 2007ರ ನೋಕಿಯಾ ಎನ್95ರಲ್ಲಿ 5 ಮೆಗಾಪಿಕ್ಸೆಲ್ ಕ್ಯಾಮೆರಾ, 3ಜಿ, ಜಿಪಿಎಸ್ ಎಲ್ಲ ಇತ್ತು. ಅದೇ ವರ್ಷ ಬಂದ ಮೊದಲ ಐಫೋನ್‌ನಲ್ಲಿ 2 ಮೆಗಾಪಿಕ್ಸೆಲ್ ಅಷ್ಟೆ. 3ಜಿ ಇಲ್ಲ, ಜಿಪಿಎಸ್ ಇಲ್ಲ. ಆಮೇಲೆ ಎಲ್ಲರೂ ಯಾವುದರ ದಾರಿ ಹಿಡಿದರು?

ಉಪ್ಪಳದ ರಿಪೇರಿಯವ:
"ಸೌಲಭ್ಯವೇ ಅಲ್ಲ" ಅಂತ ಎಂತ ಹೇಳುವುದು ಮಾರಾಯ್ರೆ? ಆ ಐಫೋನ್‌ನಲ್ಲಿ ಕಾಪಿ-ಪೇಸ್ಟ್ ಕೂಡ ಇರಲಿಲ್ಲ. ಅದು ಬಂದದ್ದು 2009ರಲ್ಲಿ. ಅಂಗಡಿಗೆ ಬರುವವರು ಕೇಳುವುದು ಬ್ಯಾಟರಿ ಎಷ್ಟು, ಕ್ಯಾಮೆರಾ ಎಷ್ಟು ಅಂತ. ಸುಲಭದ್ದು ಕೊಡಿ ಅಂತ ಒಬ್ಬರೂ ಕೇಳಿಲ್ಲ.

ಬದಿಯಡ್ಕದ ಟೀಚರ್:
ಕೇಳುವುದು ಹೇಗೆ? ಅಂಗಡಿಗೆ ಬರುವುದು ಮಗ, ಬಳಸುವುದು ಅಮ್ಮ. ಟ್ಯಾಬ್ಲೆಟ್ ನೋಡಿ. ಮೈಕ್ರೋಸಾಫ್ಟ್ 2002ರಲ್ಲೇ ಟ್ಯಾಬ್ಲೆಟ್ ಪಿಸಿಗೆ ಪೂರ್ತಿ ವಿಂಡೋಸ್ ಕೊಟ್ಟಿತ್ತು. ಪೆನ್ನು ಹಿಡಿದೇ ಬಳಸಬೇಕಿತ್ತು, ಜನ ಮುಟ್ಟಲಿಲ್ಲ. 2010ರ ಐಪ್ಯಾಡ್‌ನಲ್ಲಿ ಅಷ್ಟು ಕೆಲಸ ಆಗುತ್ತಿರಲಿಲ್ಲ. ಆದರೂ 80 ದಿನಗಳಲ್ಲಿ 30 ಲಕ್ಷ ಮಾರಾಟವಾಯಿತು.

ಉಪ್ಪಳದ ರಿಪೇರಿಯವ:
ಅಂಗಡಿಗೆ ಬರುವುದು ಮಗ ಆದರೆ ಮಗನೇ ಮೂರು ಬಟನ್ ಹಾಕಿಕೊಡಲಿ. 2019ರಲ್ಲಿ ಆಂಡ್ರಾಯ್ಡ್ 10 ಪೂರ್ತಿ ಸ್ವೈಪ್, ಅಂದರೆ ಬಟನ್ ಬದಲು ಪರದೆಯ ಮೇಲೆ ಬೆರಳು ಎಳೆಯುವುದನ್ನು ತಂದಾಗಲೂ ಬಟನ್ ತೆಗೆದುಹಾಕಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ನ್ಯಾವಿಗೇಷನ್ ಅಂತ ಹುಡುಕಿದರೆ ಸಿಗುತ್ತದೆ.

ಕುಂಬಳೆ ಡೆವಲಪರ್:
ಬಟನ್ ಯಾಕೆ ವಾಪಸ್ ಬೇಕು? ಸುಮ್ನೆ ಪರದೆಯ ಜಾಗ ತಿನ್ನುತ್ತದೆ. ಸ್ವೈಪ್ ಒಮ್ಮೆ ಕಲಿತರೆ ಸಾಕು. ಹಿಂದೆ ಬರಲು ಎರಡೂ ಅಂಚಿನಿಂದ ಎಳೆಯಬಹುದು, ಹೆಬ್ಬೆರಳಿಗೆ ಎಟಕುತ್ತದೆ.

ಪೆರ್ಲದ ಕೃಷಿಕ:
ಒಮ್ಮೆ ಕಲಿತರೆ! ಕಲಿಸುವವರು ಯಾರು? ಬಟನ್ ಕಣ್ಣಿಗೆ ಕಾಣುತ್ತದೆ. ಸ್ವೈಪ್ ಎಲ್ಲಿಂದ ಎಳೆಯಬೇಕು ಅಂತ ಪರದೆಯಲ್ಲಿ ಗುರುತೇ ಇಲ್ಲ. ಆಟಿ ತಿಂಗಳ ಮಳೆಯಲ್ಲಿ ತೋಟದಿಂದ ಬಂದು ಒದ್ದೆ ಕೈಯಲ್ಲಿ ಎಳೆದು ನೋಡಿ.

ಕುಂಬಳೆ ಡೆವಲಪರ್:
ಒದ್ದೆ ಕೈಗೆ ಸ್ವೈಪ್ ಏನು ಮಾಡಿತು? ಈಗಿನ ಪರದೆ ಬೆರಳನ್ನು ವಿದ್ಯುತ್ತಿನ ಬದಲಾವಣೆಯಿಂದ ಗುರುತಿಸುತ್ತದೆ. ನೀರು ಬಿದ್ದರೆ ಅದಕ್ಕೆ ಗೊಂದಲ. ನಿಮ್ಮ ಮೂರು ಬಟನ್ನೂ ಪರದೆಯ ಮೇಲಿನ ಚಿತ್ರವೇ ಅಲ್ವಾ? ಅದಕ್ಕೂ ಇದೇ ಕಷ್ಟ.

ಉಪ್ಪಳದ ರಿಪೇರಿಯವ:
ಹಾಗಾದರೆ ಹಳೆಯ ಟಚ್ ಫೋನ್ ನೋಕಿಯಾ 5800ರ ಪರದೆಯೇ ಒಳ್ಳೆಯದು. ಒತ್ತಿದರೆ ಕೆಲಸ ಮಾಡುತ್ತಿತ್ತು. ಉಗುರು, ಕಡ್ಡಿ, ಗ್ಲೌಸ್ ಯಾವುದಾದರೂ ಆಗುತ್ತಿತ್ತು.

ಬದಿಯಡ್ಕದ ಟೀಚರ್:
ಉಗುರು ಊರಿ ಊರಿ ಮೆಸೇಜ್ ಬರೆದದ್ದು ನನಗೆ ಮರೆತಿಲ್ಲ. ಎರಡು ಬೆರಳಿಟ್ಟು ಫೋಟೋ ದೊಡ್ಡದು ಮಾಡಲು ಅದರಲ್ಲಿ ಆಗುತ್ತಿತ್ತಾ?

ಉಪ್ಪಳದ ರಿಪೇರಿಯವ:
ಫೋಟೋ ದೊಡ್ಡದು ಮಾಡುವುದೇ ದೊಡ್ಡ ಕೆಲಸವಾ ಟೀಚರೇ? ಆ ಫೋನಿನ ಬ್ಯಾಟರಿ ಕೈಯಲ್ಲೇ ಬಿಚ್ಚಿ ಬದಲಿಸಬಹುದಿತ್ತು. ಈಗ ಹಿಂಬದಿಯ ಅಂಟು ಬಿಸಿ ಮಾಡಿ ಬಿಡಿಸಬೇಕು. ಇದು ಯಾರಿಗೆ ಸುಲಭ?

ಕುಂಬಳೆ ಡೆವಲಪರ್:
ಬ್ಯಾಟರಿ ಬೇರೆ ವಿಷಯ, ಅದನ್ನು ಇಲ್ಲಿಗೆ ಎಳೆಯಬೇಡಿ. ಬೆರಳಿನ ಬಗ್ಗೆ ಗೂಗಲ್ ಆಗಲೇ ಯೋಚಿಸಿದೆ. ಒತ್ತುವ ಜಾಗ ಕನಿಷ್ಠ 48 ಡಿಪಿ (ಪರದೆಯ ಅಳತೆಯ ಮಾನ), ಅಂದರೆ ಸುಮಾರು 9 ಮಿಲಿಮೀಟರ್ ಇರಲಿ ಅಂತ ಆ್ಯಪ್ ಮಾಡುವವರಿಗೆ ಹೇಳುತ್ತದೆ.

ಬದಿಯಡ್ಕದ ಟೀಚರ್:
"ಯೋಚಿಸಿದೆ" ಅಂದರೆ ಮುಗಿಯಿತಾ? ನಾನು ಬಿಲ್ ಕಟ್ಟುವ ಒಂದು ಆ್ಯಪ್ ನಮ್ಮ ಕಾಸರಗೋಡು ಕೇರಳದಲ್ಲಿದೆ ಅಂತ ನೋಡಿ ಮಲಯಾಳದಲ್ಲೇ ತೆರೆಯುತ್ತದೆ. ಭಾಷೆ ಬದಲಿಸುವ ಗುರುತು ಮೂಲೆಯಲ್ಲಿ ಸಾಸಿವೆಯಷ್ಟು. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಅಜ್ಜಿಯಂದಿರು ಅದನ್ನು ಹೇಗೆ ಹುಡುಕಬೇಕು?

ಉಪ್ಪಳದ ರಿಪೇರಿಯವ:
ಭಾಷೆ ಅಂದಿರಲ್ಲ, ಕೇಳಿ. ನೀವು ಹೊಗಳುವ ಐಫೋನ್‌ಗೆ ಕನ್ನಡ ಕೀಬೋರ್ಡ್ ಬಂದದ್ದು 2017ರಲ್ಲಿ, ಐಓಎಸ್ 11ರ ಜೊತೆ. ಅಷ್ಟು ವರ್ಷ ಸುಲಭ ಯಾರಿಗೆ ಇತ್ತು?

ಪೆರ್ಲದ ಕೃಷಿಕ:
ಅದನ್ನೇ ನಾನೂ ಹೇಳುವುದು. ಕೀಬೋರ್ಡ್ ಬಾರದೆ ಫೋನ್ ನಮಗೆ ಸುಲಭ ಆಗಲಿಲ್ಲ.

ಉಪ್ಪಳದ ರಿಪೇರಿಯವ:
ಕೀಬೋರ್ಡ್ ಒಂದು ಸೌಲಭ್ಯ. ನಾನು ಮೊದಲಿಂದ ಹೇಳಿದ್ದು ಅದನ್ನೇ!

ಕುಂಬಳೆ ಡೆವಲಪರ್:
ಇಬ್ಬರೂ ಸ್ವೈಪ್ ಬಿಟ್ಟು ಓಡಿದಿರಿ. ಅಂಚಿನಿಂದ ಎಳೆಯುವುದರಲ್ಲಿ ಕಷ್ಟ ಏನು ಅಂತ ಇನ್ನೂ ಯಾರೂ ಹೇಳಿಲ್ಲ.

ಪೆರ್ಲದ ಕೃಷಿಕ:
ಗುರುತಿಲ್ಲ ಅಂತ ಆಗಲೇ ಹೇಳಿದೆ. ಮೇಲೆ ಹೋಗಿ ಓದಿ. ರಿಪೇರಿಯಣ್ಣ, ನೀವು ಹೇಳಿದ ಸೆಟ್ಟಿಂಗ್ ಈ ಫೋನಿನಲ್ಲಿ ಡಿಸ್‌ಪ್ಲೇ ಒಳಗೆ ಇದೆ. ಹುಡುಕುವಷ್ಟರಲ್ಲಿ ಸಾಕಾಯಿತು.