ಪದಚರ್ಚೆ: ‘ಆರೋಗ್ಯ ತಾರತಮ್ಯ’ ಅನ್ನಬಹುದೇ?

ಪ್ರಶ್ನೆ

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಬಗೆಗಿನ ಬರಹವೊಂದರ ಕನ್ನಡ ಕರಡಿನಲ್ಲಿ ‘ಹೆಲ್ತ್ ಇನ್‌ಈಕ್ವಾಲಿಟೀಸ್’ ಒಂದು ಕಡೆ ‘ಆರೋಗ್ಯ ತಾರತಮ್ಯ’ ಆಗಿದೆ, ಇನ್ನೊಂದು ಕಡೆ ‘ಆರೋಗ್ಯ ಅಸಮತೋಲನ’, ಮತ್ತೊಂದು ಕಡೆ ‘ಆರೋಗ್ಯದಲ್ಲಿನ ವ್ಯತ್ಯಾಸ’. ಉದ್ದಕ್ಕೂ ಒಂದೇ ಪದ ಇರಬೇಕು. ಯಾವುದು ಸರಿ? ‘ಹೆಲ್ತ್ ಅಂಡ್ ಕೇರ್’ ಅನ್ನುವಾಗಿನ ಕೇರ್‌ಗೆ ‘ಕಾಳಜಿ’ ಸಾಕೇ? ‘ಡಿಪ್ರೈವ್ಡ್’ಗೆ ‘ಹಿಂದುಳಿದ’ ಹಾಕಬಹುದೇ? ‘ಇನ್ವರ್ಸ್ ಕೇರ್ ಲಾ’ ಎಂಬುದಕ್ಕೆ ಏನನ್ನೋಣ?

ಉತ್ತರ 1

ಮೊದಲು ತಾರತಮ್ಯವನ್ನು ಕೈಬಿಡಿ. ಇವತ್ತಿನ ಕನ್ನಡದಲ್ಲಿ ತಾರತಮ್ಯವನ್ನು ಯಾರೋ ‘ಮಾಡುತ್ತಾರೆ’. ಅಸಮಾನತೆ ಹಾಗಲ್ಲ; ಅದು ಇರುತ್ತದೆ, ಹೆಚ್ಚುತ್ತದೆ, ತಗ್ಗುತ್ತದೆ. ‘ಆರೋಗ್ಯ ತಾರತಮ್ಯ’ ಎಂದು ಓದಿದವರ ಕಣ್ಣಮುಂದೆ ಬರುವುದು ಮುಖ ನೋಡಿ ಚೀಟಿ ಕೊಡುವ ಆಸ್ಪತ್ರೆ ಗುಮಾಸ್ತ. ಅಂಥ ನಡೆಗೆ ಅಲ್ಲಿ 2010ರ ಸಮಾನತೆ ಕಾಯ್ದೆ ಬೇರೆಯೇ ಇದೆ. ಎನ್‌ಎಚ್‌ಎಸ್ ತಗ್ಗಿಸಲು ಹೊರಟಿರುವುದು ಗುಮಾಸ್ತ ಎಷ್ಟೇ ಸಭ್ಯನಾಗಿದ್ದರೂ ಉಳಿದುಕೊಳ್ಳುವ ಅಂತರವನ್ನು. ಇಂಗ್ಲೆಂಡಿನ ಪ್ರದೇಶಗಳನ್ನು ಆದಾಯ, ಉದ್ಯೋಗ ಮೊದಲಾದವುಗಳ ಕೊರತೆಯ ಅಳತೆಯಲ್ಲಿ ಹತ್ತು ಪಾಲು ಮಾಡಿದರೆ, 2018–20ರ ಲೆಕ್ಕದಲ್ಲಿ ಕೊರತೆ ಅತಿ ಹೆಚ್ಚಿರುವ ಪಾಲಿನ ಗಂಡಸರ ನಿರೀಕ್ಷಿತ ಆಯಸ್ಸು ಅತಿ ಕಡಿಮೆ ಇರುವ ಪಾಲಿನವರಿಗಿಂತ 9.7 ವರ್ಷ ಕಡಿಮೆ, ಹೆಂಗಸರದು 7.9 ವರ್ಷ ಕಡಿಮೆ.

ಹಾಗೆಂದರೂ, ಈ ಪದದ ಹಳೆಯ ಅರ್ಥ ಕೈತಪ್ಪಿತಲ್ಲ ಎಂದು ಸಂಕಟವಾಗುತ್ತದೆ. ‘ಗುರುತರ’ದಲ್ಲಿರುವ ತರ, ‘ಪ್ರಿಯತಮ’ದಲ್ಲಿರುವ ತಮ, ಎರಡೂ ಸೇರಿ ತರತಮ, ಅದರಿಂದ ತಾರತಮ್ಯ. ಅಂದರೆ ಮೆಟ್ಟಿಲು ಮೆಟ್ಟಿಲಾಗಿ ನಿಂತ ಹೆಚ್ಚು-ಕಡಿಮೆ. ಮಾಧ್ವರು ದೇವತಾ ತಾರತಮ್ಯ ಅನ್ನುವಾಗ ಇರುವುದು ಈ ಅರ್ಥವೇ. 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ಕಂಡದ್ದೂ ಇದನ್ನೇ. ನೋಡಿದ್ದು ಲಂಡನ್ನಿನ ಸರ್ಕಾರಿ ಗಂಡಸು ನೌಕರರನ್ನು. ಎಲ್ಲರಿಗೂ ಸಂಬಳವಿತ್ತು, ಎಲ್ಲರಿಗೂ ಎನ್‌ಎಚ್‌ಎಸ್ ಇತ್ತು. ಆದರೂ ಹುದ್ದೆ ಒಂದೊಂದು ಮೆಟ್ಟಿಲು ಇಳಿದಂತೆ ಹೃದ್ರೋಗದ ಸಾವು ಒಂದೊಂದು ಮೆಟ್ಟಿಲು ಏರುತ್ತಿತ್ತು. ತಳದಲ್ಲಿದ್ದ ಜವಾನರಂಥವರಲ್ಲಿ ಅದು ಮೇಲಧಿಕಾರಿಗಳ ಮೂರು ಪಟ್ಟಿಗೂ ಹೆಚ್ಚು. ಬಡವ-ಬಲ್ಲಿದ ಎಂಬ ಎರಡೇ ಗುಂಪಲ್ಲ ಅದು, ಏಣಿ. ಆರೋಗ್ಯ ಅಸಮಾನತೆಯ ಸಂಶೋಧಕ ಮೈಕೆಲ್ ಮಾರ್ಮಟ್ ಅವರ ‘ಸೋಶಿಯಲ್ ಗ್ರೇಡಿಯಂಟ್’ ನಿಮ್ಮ ಬರಹದಲ್ಲಿ ಬಂದರೆ ‘ಸಾಮಾಜಿಕ ತರತಮ’ ಎಂದು ಹಾಕಿ. ತಾರತಮ್ಯಕ್ಕೆ ಅಂಟಿರುವ ದೂರಿನ ದನಿ ತರತಮಕ್ಕೆ ಅಷ್ಟಾಗಿ ಅಂಟಿಲ್ಲ. ‘ಇಳಿಜಾರು’ ಗಣಿತಕ್ಕಾದರೆ ಸರಿ, ಇಲ್ಲಿ ರಸ್ತೆ ಫಲಕದ ಹಾಗೆ ಕೇಳಿಸುತ್ತದೆ.

‘ಅಸಮತೋಲನ’ ನಮ್ಮವರ ಕೈಗೆ ತಾನಾಗಿ ಬರುವ ಪದ. 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿಯಿಂದ ‘ಪ್ರಾದೇಶಿಕ ಅಸಮತೋಲನ’ ನಾಲಿಗೆಗೆ ಹತ್ತಿದೆ. ಆದರೆ ಅದನ್ನು ಆರೋಗ್ಯದ ಪಕ್ಕ ತಂದು ನಿಲ್ಲಿಸಿದರೆ ನೆನಪಾಗುವುದು ಹಾರ್ಮೋನು, ಇಲ್ಲವೇ ವಾತ-ಪಿತ್ತ.

‘ವ್ಯತ್ಯಾಸ’ ತಪ್ಪಲ್ಲ, ಸಪ್ಪೆ. ಆ ಸಪ್ಪೆತನಕ್ಕೆ ಬ್ರಿಟನ್ನಿನಲ್ಲೇ ಒಂದು ಚರಿತ್ರೆಯಿದೆ. ಆರೋಗ್ಯದ ಅಸಮಾನತೆ ಕುರಿತ ಸರ್ ಡಗ್ಲಸ್ ಬ್ಲ್ಯಾಕ್ ವರದಿ 1980ರ ಆಗಸ್ಟಿನಲ್ಲಿ, ರಜೆಯ ಹೊತ್ತು ನೋಡಿ, ಬರೀ 260 ಪ್ರತಿಗಳಲ್ಲಿ ಹೊರಬಂತು. ಮುಂದೆ 1990ರ ದಶಕದ ಸರ್ಕಾರಿ ಕಾಗದಗಳಲ್ಲಿ ‘ಇನ್‌ಈಕ್ವಾಲಿಟೀಸ್’ ಎದ್ದುಹೋಗಿ ಆ ಜಾಗದಲ್ಲಿ ‘ವೇರಿಯೇಷನ್ಸ್’ ಕೂತಿತು. ವ್ಯತ್ಯಾಸ ಅಂದುಬಿಟ್ಟರೆ ಯಾರೂ ಏನೂ ಮಾಡಬೇಕಿಲ್ಲ ನೋಡಿ. 80ರ ಅಜ್ಜನಿಗೆ 20ರ ಮೊಮ್ಮಗನಿಗಿಂತ ಕಾಯಿಲೆ ಹೆಚ್ಚು ಎಂಬುದು ವ್ಯತ್ಯಾಸ. ಒಂದೇ ವಯಸ್ಸಿನ ಇಬ್ಬರಲ್ಲಿ ಯಾರಿಗೆ ಮೊದಲು ಹೃದಯಾಘಾತವಾದೀತು ಎಂದು ಪೋಸ್ಟ್‌ಕೋಡ್ ನೋಡಿಯೇ ಊಹಿಸಬಹುದಾದರೆ ಅದು ಅಸಮಾನತೆ.

ಹಾಗಾಗಿ ‘ಆರೋಗ್ಯ ಅಸಮಾನತೆ’ಯೇ ಇರಲಿ. ಮೊದಲ ಸಲ ಬಂದಾಗ ‘ತಪ್ಪಿಸಬಹುದಾದ, ನ್ಯಾಯವಲ್ಲದ ಅಂತರ’ ಎಂದು ಬಿಡಿಸಿ ಹೇಳಿ. ಅಂಕಿ ಬಂದ ಕಡೆ ‘ಅಂತರ’ ಒಂದೇ ಸಾಕು: ‘9.7 ವರ್ಷದ ಅಂತರ’.

ಕ್ರಿಯಾಪದದ ಬಗ್ಗೆಯೂ ಒಂದು ಮಾತು. ‘ಟ್ಯಾಕಲಿಂಗ್’ಗೆ ‘ಎದುರಿಸುವುದು’ ಬೇಡ. ಅಸಮಾನತೆಯನ್ನು ದಿನಾ ಎದುರಿಸುವವರು ಅದನ್ನು ಉಣ್ಣುವವರು. ಎನ್‌ಎಚ್‌ಎಸ್ ಅದನ್ನು ‘ತಗ್ಗಿಸಬೇಕು’. ಅಲ್ಲಿನ 2012ರ ಆರೋಗ್ಯ ಮತ್ತು ಸಾಮಾಜಿಕ ಆರೈಕೆ ಕಾಯ್ದೆಯ ಮಾತೂ ಅದೇ. ಆದರೆ ಅಲ್ಲಿ ‘ತಗ್ಗಿಸಲೇಬೇಕು’ ಎಂದಿಲ್ಲ, ‘ತಗ್ಗಿಸುವ ಅಗತ್ಯವನ್ನು ಗಮನದಲ್ಲಿಟ್ಟುಕೊಳ್ಳಬೇಕು’ ಎಂದಿದೆ; ಅದೂ ಎರಡು ಕಡೆ, ಸೇವೆ ಸಿಗುವುದರಲ್ಲಿ ಮತ್ತು ಚಿಕಿತ್ಸೆಯ ಫಲದಲ್ಲಿ. ಕನ್ನಡ ಕರಡು ಕಾಯ್ದೆಗಿಂತ ಗಟ್ಟಿಯಾಗಿ ಮಾತಾಡಬಾರದು.

‘ಕಾಳಜಿ’ ಮನಸ್ಸಿಗೆ ಸೇರಿದ್ದು; ಮರಾಠಿಯಿಂದ ಬಂದದ್ದು, ಅಲ್ಲಿ ಅದಕ್ಕೆ ಚಿಂತೆ ಎಂದೂ ಅರ್ಥ. ನೆರೆ ಬಂದಾಗ ತೆರೆಯುವ ‘ಕಾಳಜಿ ಕೇಂದ್ರ’ದಿಂದ ಪದಕ್ಕೆ ಸರ್ಕಾರಿ ಬಣ್ಣ ಬಂದಿದೆ ನಿಜ, ಆದರೆ ಇಲ್ಲಿ ಬೇಕಾದದ್ದು ಕೈಯ ಕೆಲಸ: ಮುದುಕರಿಗೆ ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಉಣಿಸುವುದು. ಬಾಣಂತಿಗೆ ಮಾಡುವ ‘ಆರೈಕೆ’ಯಲ್ಲಿ ಇದೆಲ್ಲ ಇದೆ, ಅದನ್ನೇ ಬಳಸಿ. ನಡುವಿನ ‘ಮತ್ತು’ ಬಿಟ್ಟುಹೋಗದಂತೆ ನೋಡಿಕೊಳ್ಳಿ. ‘ಹೆಲ್ತ್‌ಕೇರ್’ ಒಂದೇ ವಸ್ತು. ‘ಹೆಲ್ತ್ ಅಂಡ್ ಕೇರ್’ ಎರಡು. ವೈದ್ಯರನ್ನು ಕಾಣುವುದು ಎನ್‌ಎಚ್‌ಎಸ್‌ನಲ್ಲಿ ಪುಕ್ಕಟೆ. ಆರೈಕೆ ಸ್ಥಳೀಯ ಕೌನ್ಸಿಲಿನ ಕೈಯಲ್ಲಿದೆ, ಅದಕ್ಕೆ ಹಣಕಾಸಿನ ತಪಾಸಣೆ ಇದೆ; ಇಂಗ್ಲೆಂಡಿನಲ್ಲಿ ಉಳಿತಾಯ-ಆಸ್ತಿ 23,250 ಪೌಂಡ್ ದಾಟಿದವರು ಸಾಮಾನ್ಯವಾಗಿ ಪೂರ್ತಿ ಖರ್ಚು ತಾವೇ ಹೊರಬೇಕು. ‘ಆರೋಗ್ಯ ಸೇವೆ’ ಎಂದು ಒಂದೇ ಚೀಲಕ್ಕೆ ತುಂಬಿದರೆ ಇದಿಷ್ಟೂ ಮಾಯ.

‘ಹಿಂದುಳಿದ’ ಖಂಡಿತ ಬೇಡ. ಕರ್ನಾಟಕದಲ್ಲಿ ಆ ಪದ ಕೇಳಿದೊಡನೆ ಮನಸ್ಸು ‘ವರ್ಗ’ಕ್ಕೆ, ಅಂದರೆ ಜಾತಿಪಟ್ಟಿಗೆ ಓಡುತ್ತದೆ. ‘ವಂಚಿತ’ ವ್ಯಕ್ತಿಗೆ ಸರಿ, ಆದರೆ ಪ್ರದೇಶಗಳ ಕೊರತೆ ಅಳೆಯುವ ‘ಇಂಡೆಕ್ಸ್ ಆಫ್ ಮಲ್ಟಿಪಲ್ ಡಿಪ್ರಿವೇಶನ್’ ಎಂಬ ಸೂಚ್ಯಂಕಕ್ಕೆ ‘ವಂಚನೆ’ ಹಾಕಿದರೆ ಪೊಲೀಸ್ ಕೇಸು. ‘ಬಹುಮುಖ ಕೊರತೆ ಸೂಚ್ಯಂಕ’ ಎನ್ನಿ. ಅದರಲ್ಲಿ ಆದಾಯ, ಉದ್ಯೋಗ, ಶಿಕ್ಷಣ, ಆರೋಗ್ಯ, ಅಪರಾಧ, ವಸತಿ-ಸೇವೆಗಳ ಅಡೆತಡೆ, ವಾಸದ ಪರಿಸರ ಎಲ್ಲವೂ ಸೇರಿವೆ. ಅಳೆಯುವುದು ಸುಮಾರು 1,500 ಜನರಿರುವ ಪುಟ್ಟ ಪ್ರದೇಶಗಳನ್ನು, ಮನುಷ್ಯರನ್ನಲ್ಲ. ಕರಡುಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ: ಆರೋಗ್ಯ ಅಸಮಾನತೆ ತಗ್ಗಿಸಲು ಎನ್‌ಎಚ್‌ಎಸ್ ಹಾಕಿಕೊಂಡ ಕೋರ್20ಪ್ಲಸ್5 ಯೋಜನೆಯ ‘20’ ಅನ್ನು ‘ಶೇ 20ರಷ್ಟು ಕಡುಬಡವರು’ ಎಂದು ಬರೆದುಬಿಡುತ್ತಾರೆ. ಅದು ‘ಕೊರತೆ ಅತಿ ಹೆಚ್ಚಿರುವ ಶೇ 20 ಪ್ರದೇಶಗಳಲ್ಲಿ ವಾಸಿಸುವವರು’. ಅಲ್ಲಿ ಉಳ್ಳವರೂ ಇರುತ್ತಾರೆ. ಇಲ್ಲದವರು ಅದರ ಹೊರಗೂ ಇರುತ್ತಾರೆ. ಹೊರಗೆ ಉಳಿಯುವವರಿಗಾಗಿಯೇ ‘ಪ್ಲಸ್’ ಇದೆ: ಮನೆಯಿಲ್ಲದವರು, ಜಿಪ್ಸಿ-ರೋಮಾ ಸಮುದಾಯಗಳು, ಹೀಗೆ ಆಯಾ ಸೀಮೆಯವರೇ ಗುರುತಿಸಿಕೊಳ್ಳುವ ಗುಂಪುಗಳು. ‘5’ ಎಂದರೆ ಹೆರಿಗೆ, ತೀವ್ರ ಮಾನಸಿಕ ಕಾಯಿಲೆ, ಬಹುಕಾಲದ ಉಸಿರಾಟದ ಕಾಯಿಲೆ, ಕ್ಯಾನ್ಸರನ್ನು ಬೇಗ ಪತ್ತೆಮಾಡುವುದು, ರಕ್ತದೊತ್ತಡದ ಪತ್ತೆ.

ಉತ್ತರ 2

ಆ ಐದರಲ್ಲಿ ಹೆರಿಗೆಯ ಸಾಲನ್ನು ಹುಷಾರಾಗಿ ಓದಿ. ಮೂಲದಲ್ಲಿರುವುದು ‘ಕಂಟಿನ್ಯುಟಿ ಆಫ್ ಕೇರರ್’. ಕೊನೆಯ ಆ ‘ರ್’ ಕಣ್ತಪ್ಪಿ ‘ನಿರಂತರ ಆರೈಕೆ’ ಎಂದಾದರೆ ಅರ್ಥವೇ ತಿರುಗುತ್ತದೆ. ದಿನಕ್ಕೊಬ್ಬರು ಬಂದು ನೋಡಿದರೂ ಆರೈಕೆ ನಿರಂತರವೇ. ಅಲ್ಲಿ ಕೇಳುತ್ತಿರುವುದು ಬಸಿರಿನಿಂದ ಬಾಣಂತನದವರೆಗೆ ಅದೇ ಮಿಡ್‌ವೈಫ್ ಇರಬೇಕು ಎಂದು. ‘ಸೂಲಗಿತ್ತಿ’ ಚೆಂದದ ಪದ, ಆದರೆ ಓದುಗರಿಗೆ ಕಾಣುವುದು ಅನುಭವದಿಂದ ಕಲಿತ ಊರಿನ ಅಜ್ಜಿ. ಇವರು ಓದಿ ನೋಂದಣಿಯಾದವರು. ಹಾಗಾಗಿ ‘ಮಿಡ್‌ವೈಫ್’ ಎಂದೇ ಇರಲಿ.

ಇನ್ವರ್ಸ್ ಕೇರ್ ಲಾ: ವೇಲ್ಸಿನ ಗಣಿ ಹಳ್ಳಿ ಗ್ಲಿನ್‌ಕಾರಗ್‌ನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಬರೆದದ್ದು. ಒಳ್ಳೆಯ ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ ಎಂಬುದು ಅದರ ತಿರುಳು. ಶಾಲೆಯ ‘ವಿಲೋಮಾನುಪಾತ’ ಎಲ್ಲರಿಗೂ ಗೊತ್ತು, ‘ವಿಲೋಮ’ ನಡೆಯುತ್ತದೆ. ಆದರೆ ‘ವಿಲೋಮ ಆರೈಕೆ ನಿಯಮ’ ಎಂದರೆ ಆರೈಕೆಯೇ ತಲೆಕೆಳಗಾದಂತೆ; ‘ಆರೈಕೆಯ ವಿಲೋಮ ನಿಯಮ’ ಎಂದು ತಿರುಗಿಸಿ.

ಪ್ರಶ್ನೆಯಲ್ಲಿಲ್ಲದ ಇನ್ನೊಂದು ಗಂಟು: ‘ಹಾರ್ಡ್ ಟು ರೀಚ್’ (ತಲುಪುವುದು ಕಷ್ಟವಾದವರು) ಎಂಬ ಹಳೆಯ ಮಾತನ್ನು ಬಿಟ್ಟು ಈಗ ಅಲ್ಲಿ ಹಲವರು ‘ಅಂಡರ್‌ಸರ್ವ್ಡ್’ (ಸಾಕಷ್ಟು ಸೇವೆ ಸಿಗದವರು) ಅನ್ನುತ್ತಾರೆ, ದೂರು ಜನರ ಮೇಲೆ ಬೀಳದಿರಲಿ ಎಂದು. ಕನ್ನಡದಲ್ಲಿ ‘ಸೇವೆ ತಲುಪದ ಜನ’ ಎಂದರೆ ಎಡವಿದ್ದು ಸೇವೆ. ‘ಸೇವೆಯನ್ನು ತಲುಪದ ಜನ’ ಎಂದರೆ ಎಡವಿದ್ದು ಜನ. ಕರಡಿನಲ್ಲಿ ಎರಡನೆಯದು ಇದ್ದರೆ ಆ ‘ಅನ್ನು’ ತೆಗೆದುಬಿಡಿ.